ಗಡ್ಡಪ್ಪನ ಹೆಂಡತಿ

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಂಡ್ಯದ ಕಡೆಯ ನಮ್ಮ ಊರು ಬಿಟ್ಟು ಬೆಂಗಳೂರಿನ ನನ್ನ ಮನೆಗೆ ಬಂದಿದ್ದಾಳೆ. ಹಗಲು ಹೇಗೋ ಕಳೆಯುತ್ತದೆ. ರಾತ್ರಿ ಊಟವಾದ ಮೇಲೆ ಅವಳಿಗೆ ನಿದ್ದೆ ಬಾರದು. ಹಾಗಾಗಿ ಒಂದು ತಿಂಗಳಿಂದ ಇಬ್ಬರೂ ಕೂತು ಏನಾದರೊಂದು ನೋಡುತ್ತಿದ್ದೇವೆ. ಅಳಿಸುವಂಥದ್ದು ಬೇಡ ಎಂಬುದೊಂದೇ ಅವಳ ಷರತ್ತು.

ಮೊದಲು ಹಾಕಿದ್ದು ‘ತಿಥಿ’. ಹನ್ನೊಂದನೇ ದಿನದ ಕಾರ್ಯ ಮುಗಿಸಿ ಬಂದವರಿಗೆ ಆ ಹೆಸರಿನ ಸಿನಿಮಾ ತೋರಿಸುವುದೇ ಎಂದು ನನ್ನ ಹೆಂಡತಿ ಗದರಿದಳು. ಆದರೆ ಕೇಳಿದ್ದು ಅಮ್ಮನೇ. ಅದು ನಮ್ಮ ಕಡೆಯ ಸಿನಿಮಾ ಎಂದು ಯಾರೋ ಅವಳಿಗೆ ಹೇಳಿದ್ದರು.

ರಾಮ್ ರೆಡ್ಡಿ ನಿರ್ದೇಶನದ, ಅವರೂ ಈರೇಗೌಡರೂ ಸೇರಿ ಬರೆದ ಈ ಚಿತ್ರವನ್ನು 2016ರಲ್ಲಿ ಅದು ತೆರೆ ಕಂಡಾಗ ನಾನು ಮಲ್ಟಿಪ್ಲೆಕ್ಸ್ ಒಂದರಲ್ಲಿ ನೋಡಿದ್ದೆ. ನಟಿಸಿದವರೆಲ್ಲ ಹಳ್ಳಿಯ ಸಾಮಾನ್ಯ ಜನ, ವೃತ್ತಿನಟರಲ್ಲ. ಆರಂಭದಲ್ಲಿ 101 ವರ್ಷದ ಸೆಂಚುರಿ ಗೌಡ ಬೀದಿಯಲ್ಲಿ ಹೋಗುವವರನ್ನೆಲ್ಲ ಬೈಯುತ್ತಾ ಕೂರುತ್ತಾನಲ್ಲ, ಆಗ ಥಿಯೇಟರಿನಲ್ಲಿ ನಗುವೋ ನಗು. ಜನ ನಗುತ್ತಿದ್ದದ್ದು ಅವನ ಮಾತಿಗಿಂತ ಹೆಚ್ಚಾಗಿ ಆ ಭಾಷೆಗೆ. ನಾನೂ ಸೇರಿಕೊಂಡೆ, ಅದು ನನ್ನ ಮನೆಯ ಭಾಷೆಯೂ ಹೌದೆಂದು ಪಕ್ಕದವರಿಗೆ ಹೇಳದೆ.

ಅಮ್ಮ ಅಲ್ಲಿ ನಗಲೇ ಇಲ್ಲ. ಮುದುಕರು ಬೈಯುವುದರಲ್ಲಿ ಅವಳಿಗೆ ವಿಶೇಷವೇನೂ ಕಾಣಲಿಲ್ಲ. ಅವಳು ಬಿದ್ದು ಬಿದ್ದು ನಕ್ಕಿದ್ದು ಮೊಮ್ಮಗ ತಮ್ಮಣ್ಣನನ್ನು ನೋಡಿ. ಜಮೀನು ತಾತನ ಹೆಸರಿನಲ್ಲಿದೆ. ಅದು ಮೊದಲು ಅಪ್ಪ ಗಡ್ಡಪ್ಪನಿಗೆ ಬರಬೇಕು. ಅವನೋ ಬ್ರಾಂದಿ ಶೀಶೆ ಇಟ್ಟುಕೊಂಡು ಹೊಲ ಸುತ್ತುವ ಅಲೆಮಾರಿ, ಆಸ್ತಿಯ ಗೊಡವೆಯೇ ಬೇಡ. ಕೊನೆಗೆ ತಮ್ಮಣ್ಣ ಬದುಕಿರುವ ಅಪ್ಪನಿಗೇ ಸತ್ತ ಪತ್ರ ಮಾಡಿಸಿ, ಅವನನ್ನು ಊರಿಂದಾಚೆ ಕಳಿಸುತ್ತಾನೆ. ಮೊದಲ ಸಲ ನೋಡಿದಾಗ ನನಗೆ ಇವನು ದುರಾಸೆಯವನಾಗಿ ಕಂಡಿದ್ದ. ಈಗ ನನ್ನ ಚೀಲದಲ್ಲೇ ಅಪ್ಪನ ಮರಣ ಪತ್ರ, ವಂಶವೃಕ್ಷ, ಪೌತಿ ಖಾತೆಯ ಅರ್ಜಿ ಎಲ್ಲ ಇವೆ. ನಾಡಕಚೇರಿಗೆ ಮೂರು ಸಲ ಹೋಗಿ ಬಂದಿದ್ದೇನೆ. ತಮ್ಮಣ್ಣ ಕಾಗದ ಹಿಡಿದು ಓಡುವಾಗೆಲ್ಲ ಅಮ್ಮ ತೆರೆಯನ್ನು ಬಿಟ್ಟು ನನ್ನ ಕಡೆ ನೋಡಿ ನಗುತ್ತಿದ್ದಳು. ಈ ಚಿತ್ರದ ಹೆಚ್ಚುಗಾರಿಕೆ ಇದೇ ಅನ್ನಿಸುತ್ತದೆ. ಎಲ್ಲಿ ನಗಬೇಕೆಂದು ಅದು ಸನ್ನೆ ಮಾಡುವುದಿಲ್ಲ. ಕ್ಯಾಮರಾ ಸುಮ್ಮನೆ ನಿಂತಿರುತ್ತದೆ, ಜನ ತಮ್ಮ ಪಾಡಿಗೆ ಬದುಕುತ್ತಿರುತ್ತಾರೆ, ನೋಡುವವರು ತಮತಮಗೆ ಬೇಕಾದ ಕಡೆ ನಗುತ್ತಾರೆ.

ಆಮೇಲೆ ಕುರಿ ಕಾಯುವವರ ಜೊತೆ ಕೂತ ಗಡ್ಡಪ್ಪ ತನ್ನ ಹೆಂಡತಿಗೂ ತನ್ನ ಅಪ್ಪನಿಗೂ ಇದ್ದ ಸಂಬಂಧದ ಸಂಗತಿ ಹೇಳುತ್ತಾನೆ. ಅಷ್ಟು ಹೊತ್ತು ನಮ್ಮನ್ನು ನಗಿಸಿದ ಮನುಷ್ಯ ಯಾಕೆ ಹೀಗೆ ಅಲೆಯುತ್ತಾನೆಂದು ಆಗ ಗೊತ್ತಾಗುತ್ತದೆ. ನಾನು ಈ ದೃಶ್ಯವನ್ನು ಮೆಚ್ಚಿಕೊಂಡು ಎಷ್ಟೋ ಜನರ ಮುಂದೆ ಮಾತಾಡಿದ್ದೇನೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. “ಅಲ್ಲಾ ಕಣ್ಲಾ, ಆ ಯಮ್ಮುನ್ನ ಯಾರಾರ ಕೇಳುದ್ರಾ?”

ನಾನು ಉತ್ತರ ಹುಡುಕಿದೆ. ಇಲ್ಲ, ಯಾರೂ ಕೇಳಿಲ್ಲ. ಅವಳು ಆ ಕಥೆಯೊಳಗೆ ಮಾತ್ರ ಇದ್ದಾಳೆ. ಅವಳ ದುಃಖವೋ ಭಯವೋ ಒಪ್ಪಿಗೆಯೋ, ಏನಿತ್ತೆಂದು ಚಿತ್ರಕ್ಕೂ ಗೊತ್ತಿಲ್ಲ. ಮೂರು ತಲೆಮಾರಿನ ಗಂಡಸರನ್ನು ಇಷ್ಟು ಬಿಚ್ಚಿ ತೋರಿಸಿದ ಸಿನಿಮಾದಲ್ಲಿ ಈ ಒಂದು ಜಾಗ ಬರಿದಾಗಿದೆ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನಂತರದ ವಾರ ‘ಪಾಪ ಪಾಂಡು’. ಸಿಹಿಕಹಿ ಚಂದ್ರು ಅವರ ಈ ಧಾರಾವಾಹಿ ಈಟಿವಿ ಕನ್ನಡದಲ್ಲಿ ಬರುತ್ತಿದ್ದ ಕಾಲಕ್ಕೆ ನಾನು ಮೈಸೂರಿನಲ್ಲಿ ಓದುತ್ತಿದ್ದೆ, ಸಾಹಿತ್ಯದ ಅಮಲಿನಲ್ಲಿದ್ದೆ. ರಜೆಗೆ ಊರಿಗೆ ಬಂದಾಗ ಅಪ್ಪ ಅದನ್ನು ನೋಡಿ ಗಹಗಹಿಸುವುದು ಕಂಡು ನಾಚಿಕೆಯಾಗುತ್ತಿತ್ತು. ಈಗ ಯೂಟ್ಯೂಬಿನಲ್ಲಿ ಕೂತು ನೋಡಿದರೆ, ಚಿದಾನಂದ್ ಎಂಥ ನಟ! ಏಟು ಬೀಳುವ ಮೊದಲೇ ಅವರ ಮುಖ ಏಟು ತಿಂದುಬಿಟ್ಟಿರುತ್ತದೆ. ಶಾಲಿನಿ ಅವರ ಶ್ರೀಮತಿಗೂ ಅಷ್ಟೇ ಹದ ಗೊತ್ತು. ಕಥೆ ಮಾತ್ರ ಪ್ರತಿ ಸಲ ಅದೇ: ಪಾಂಡು ಏನೋ ಮಾಡಲು ಹೋಗುತ್ತಾನೆ, ಸಿಕ್ಕಿಬೀಳುತ್ತಾನೆ, ಒದೆ ತಿನ್ನುತ್ತಾನೆ. ನಾಲ್ಕೈದು ಕಂತಿಗೆ ನನಗೆ ಸಾಕಾಯಿತು.

ಗಂಡ ಹೆಂಡತಿಯಿಂದ ಹೊಡೆಸಿಕೊಳ್ಳುವುದು ಹಾಸ್ಯವಾಗುವುದು ಅದು ನಡೆಯದ ಸಂಗತಿ ಎಂದು ಎಲ್ಲರಿಗೂ ಗೊತ್ತಿರುವುದರಿಂದ, ತಿರುವು ಮುರುವು ಮಾಡಿದರೆ ಯಾರೂ ನಗುವುದಿಲ್ಲ ಎಂದೆಲ್ಲ ನಾನು ಶುರುಮಾಡಿದೆ. ಅಮ್ಮ ಫೋನಿನಿಂದ ಕಣ್ಣು ತೆಗೆಯದೆ ಹೇಳಿದಳು, “ನಿಮ್ಮಪ್ಪ ನಗೋವಾಗ ನಾನೂ ಅಡುಗೆಮನೆ ಬಾಗ್ಲಲ್ಲಿ ನಿಂತ್ಕಂಡು ನಗ್ತಿದ್ದೆ. ಆವಯ್ಯ ಪಾಂಡೂನ ನೋಡ್ಕಂಡು ನಗೋದು. ನಾನು ಅವಳ ಕೈ ನೋಡ್ಕಂಡು.”

ಅಪ್ಪ ಕೈ ಮಾಡುತ್ತಿದ್ದದ್ದು ನನಗೆ ಗೊತ್ತಿತ್ತು. ಮನೆಯಲ್ಲಿ ಯಾರೂ ಅದನ್ನು ಆಡುತ್ತಿರಲಿಲ್ಲ. ಅವನು ಸತ್ತ ಮೇಲೆ ನಾನು ಬರೆದ ನಾಲ್ಕು ಸಾಲಿನಲ್ಲೂ ಅದಿರಲಿಲ್ಲ. ಒಂದೇ ಟಿವಿಯ ಮುಂದೆ, ಒಂದೇ ದೃಶ್ಯಕ್ಕೆ, ಇಬ್ಬರು ಎರಡು ಬೇರೆ ನಗು ನಗುತ್ತಿದ್ದರು. ನಾನು ಮಾತ್ರ ಕಳಪೆ ಹಾಸ್ಯವೆಂದು ಮುಖ ಸಿಂಡರಿಸಿಕೊಂಡು ಹೊರಗೆ ಜಗುಲಿಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ.

ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ಯನ್ನೂ ನೋಡಿದೆವು. ಮಂಗಳೂರಿನ ಬೋಳುತಲೆಯ ಕನ್ನಡ ಮೇಷ್ಟ್ರು ಜನಾರ್ದನ ತನ್ನನ್ನು ಜನ ಆಡಿಕೊಳ್ಳುತ್ತಾರೆಂದು ಕೊರಗುತ್ತಾನೆ, ಆದರೆ ಹುಡುಗಿ ದಪ್ಪ ಎಂದು ತಾನೇ ಮುಖ ತಿರುಗಿಸುತ್ತಾನೆ. ಚಿತ್ರ ಅವನ ಆ ಸಣ್ಣತನವನ್ನು ಮುಚ್ಚಿಡುವುದಿಲ್ಲ. ಅಮ್ಮನಿಗೆ ಮೇಷ್ಟ್ರು ಹಿಡಿಸಲಿಲ್ಲ, ಹುಡುಗಿ ಹಿಡಿಸಿದಳು.

ಮುಂದಿನ ವಾರ ‘ಗಣೇಶನ ಮದುವೆ’ ಹಾಕಬೇಕಂತೆ. ಅದರಲ್ಲಿ ಹುಡುಗಿ ಚೆನ್ನಾಗಿ ಜಗಳ ಆಡುತ್ತಾಳೆಂದು ಅಮ್ಮನಿಗೆ ನೆನಪು.