ಭಾವದ ಬಿಸಿ, ಅರಿವಿನ ಬೆಳಕು: ಜೊನಾಥನ್ ಎಡ್ವರ್ಡ್ಸ್ ಅವರ ಬೋಧನಾ ವಿಚಾರ

ಧರ್ಮಬೋಧಕನು ತನ್ನ ಅಂತರಂಗದ ಭಾವವನ್ನು ಸಭೆಯ ಮುಂದೆ ಎಷ್ಟರಮಟ್ಟಿಗೆ ತೆರೆದಿಡಬಹುದು? ಕೇಳುಗರ ಕಣ್ಣೀರು ಬೋಧೆಯ ಸತ್ವಕ್ಕೆ ಸಾಕ್ಷಿಯಾಗಬಲ್ಲದೆ? ಕ್ರೈಸ್ತ ಬೋಧನಾ ಪರಂಪರೆಯಷ್ಟೇ ಹಳೆಯದಾದ ಪ್ರಶ್ನೆಗಳಿವು. ಸಂತ ಆಗಸ್ಟೀನ್ ಅವರು ಕ್ರಿ.ಶ. 426ರ ಸುಮಾರಿಗೆ ಪೂರ್ಣಗೊಳಿಸಿದ ಕ್ರೈಸ್ತ ಬೋಧನೆ ಕುರಿತ ಗ್ರಂಥದ ನಾಲ್ಕನೆಯ ಭಾಗದಲ್ಲಿ, ರೋಮನ್ ವಾಗ್ಮಿ ಸಿಸೆರೊನನ್ನು ಅನುಸರಿಸಿ, ತಿಳಿಸುವುದು, ರಂಜಿಸುವುದು ಮತ್ತು ಮನಸ್ಸನ್ನು ಕದಲಿಸುವುದು ಎಂಬ ಮೂರು ಗುರಿಗಳನ್ನು ವಿವೇಚಿಸುತ್ತಾರೆ. ಇವುಗಳಲ್ಲಿ ಅನಿವಾರ್ಯವಾದುದು ತಿಳಿಸುವುದೇ ಎಂಬುದು ಅವರ ನಿಲುವು. ಈ ಪ್ರಶ್ನೆ ಹದಿನೆಂಟನೆಯ ಶತಮಾನದ ಅಮೆರಿಕೆಯಲ್ಲಿ ಪಡೆದ ರೂಪವನ್ನು ಜೊನಾಥನ್ ಎಡ್ವರ್ಡ್ಸ್ (1703–1758) ಅವರ ಬರಹ ಮತ್ತು ಬದುಕಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಎಡ್ವರ್ಡ್ಸ್ ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್ ಊರಿನ ಸಭಾಪಾಲಕರು. 1734–35ರಲ್ಲಿ ಅಲ್ಲಿ ಉಂಟಾದ ಧಾರ್ಮಿಕ ಜಾಗೃತಿಯ ವೃತ್ತಾಂತವನ್ನು ಅವರು 1737ರಲ್ಲಿ ಪ್ರಕಟಿಸಿದರು. 1740ರ ಅಕ್ಟೋಬರಿನಲ್ಲಿ ಜಾರ್ಜ್ ವಿಟ್‌ಫೀಲ್ಡ್ ಆ ಊರಿನಲ್ಲಿ ಬೋಧಿಸಿದಾಗ ಎಡ್ವರ್ಡ್ಸ್ ಕಣ್ಣೀರಿಟ್ಟರೆಂದು ವಿಟ್‌ಫೀಲ್ಡರ ದಿನಚರಿಯಿಂದ ತಿಳಿದುಬರುತ್ತದೆ. ಸ್ವತಃ ಎಡ್ವರ್ಡ್ಸ್ ವಿಟ್‌ಫೀಲ್ಡರಂತೆ ಅಭಿನಯಪ್ರಧಾನ ಬೋಧಕರಲ್ಲ. ಆದರೂ 1741ರ ಜುಲೈ 8ರಂದು ಎನ್‌ಫೀಲ್ಡಿನಲ್ಲಿ ದೇವರ ಕೋಪವನ್ನು ಕುರಿತು ಅವರು ನೀಡಿದ ಬೋಧೆ ಮುಗಿಯುವ ಮೊದಲೇ ಸಭೆಯಲ್ಲಿ ಗೋಳಾಟ ತುಂಬಿತು. ಅಲ್ಲಿ ಕೆಲಸ ಮಾಡಿದುದು ಬೋಧಕನ ಹಾವಭಾವವಲ್ಲ, ಒಂದರ ಮೇಲೊಂದು ಬಂದೆರಗುವ ಪ್ರತಿಮೆಗಳ ಸರಣಿ.

ಈ ಜಾಗೃತಿಗೆ ಪ್ರತಿರೋಧವೂ ಬಂದಿತು. ಬಾಸ್ಟನ್ನಿನ ಚಾರ್ಲ್ಸ್ ಚಾನ್ಸಿ 1743ರ ತಮ್ಮ ಗ್ರಂಥದಲ್ಲಿ, ವಿವೇಚನೆಯ ಹಿಡಿತ ತಪ್ಪಿದ ಆವೇಶವು ಧರ್ಮವೇ ಅಲ್ಲವೆಂದು ವಾದಿಸಿದರು. ಅವರ ಆಕ್ಷೇಪಕ್ಕೆ ಆಧಾರವಿಲ್ಲದಿರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ಜೇಮ್ಸ್ ಡೆವನ್‌ಪೋರ್ಟ್ ಎಂಬ ಬೋಧಕರು ನ್ಯೂ ಲಂಡನ್ನಿನಲ್ಲಿ ಅನುಯಾಯಿಗಳಿಂದ ಧರ್ಮಗ್ರಂಥಗಳನ್ನು ಸುಡಿಸಿದರು. 1744ರಲ್ಲಿ ಅವರೇ ತಪ್ಪೊಪ್ಪಿಕೊಂಡು ಹೇಳಿಕೆ ಪ್ರಕಟಿಸಿದುದು ಗಮನಾರ್ಹ.

ಎಡ್ವರ್ಡ್ಸ್ ಅವರ ಪ್ರೌಢ ಉತ್ತರ 1746ರ ಧಾರ್ಮಿಕ ಭಾವಗಳನ್ನು ಕುರಿತ ಗ್ರಂಥ. ನಿಜವಾದ ಧರ್ಮ ಬಹುಮಟ್ಟಿಗೆ ಪವಿತ್ರ ಭಾವಗಳಲ್ಲಿಯೇ ಇದೆಯೆಂದು ಹೇಳಿ ಅವರು ಚಾನ್ಸಿಯವರಿಂದ ದೂರ ಸರಿಯುತ್ತಾರೆ. ಆದರೆ ಭಾವದ ತೀವ್ರತೆ, ದೇಹದ ಕಂಪನ, ಮಾತಿನ ನಿರರ್ಗಳತೆ ಮೊದಲಾದ ಹನ್ನೆರಡು ಲಕ್ಷಣಗಳು ಯಾವುದನ್ನೂ ಖಚಿತಪಡಿಸಲಾರವೆಂದು ತೋರಿಸಿ ಆವೇಶವಾದಿಗಳಿಂದಲೂ ದೂರವಾಗುತ್ತಾರೆ. ಬಳಿಕ ಅವರು ನೀಡುವ ಹನ್ನೆರಡು ನಿಜಲಕ್ಷಣಗಳಲ್ಲಿ ಕೊನೆಯದೂ ಪ್ರಧಾನವೂ ಆದುದು ಆಚರಣೆ. ಅವರ ಪ್ರಕಾರ ಭಾವವು ಅರಿವು ಮತ್ತು ಸಂಕಲ್ಪಗಳೊಡನೆ ಬೆಸೆದುಕೊಂಡುದು; ಆವೇಶವಾದರೋ ಅರಿವನ್ನು ಮುಳುಗಿಸುವ ಕ್ಷಣಿಕ ಉಬ್ಬರ. ನಮ್ಮ ಕಾವ್ಯಮೀಮಾಂಸೆಯ ಸ್ಥಾಯಿ ಮತ್ತು ಸಂಚಾರಿ ಭಾವಗಳ ಭೇದ ಇಲ್ಲಿ ನೆನಪಾಗುವುದು ಸಹಜ. ಆದರೆ ಹೋಲಿಕೆಗೆ ಮಿತಿಯಿದೆ. ಸ್ಥಾಯಿಯ ಸಾರ್ಥಕತೆ ರಸಾಸ್ವಾದದಲ್ಲಿ. ಎಡ್ವರ್ಡ್ಸ್ ಹೇಳುವ ಭಾವದ ಸಾರ್ಥಕತೆ ನಡತೆಯಲ್ಲಿ.

ಈ ಮೀಮಾಂಸೆಯ ಕೊರತೆಯೂ ಇಲ್ಲಿಯೇ ಇದೆ. ಭಾವದ ಫಲ ಕಾಣಲು ವರ್ಷಗಳು ಬೇಕು. ಬೋಧೆಯ ಪೆಟ್ಟು ತಾಗಲು ಗಳಿಗೆ ಸಾಕು. 1735ರ ಜೂನ್ 1ರಂದು ಎಡ್ವರ್ಡ್ಸ್ ಅವರ ಬಂಧುವೂ ಆಗಿದ್ದ ಜೋಸೆಫ್ ಹಾಲಿ, ತನ್ನ ಆತ್ಮದ ಗತಿಯ ಬಗೆಗಿನ ನಿರಾಶೆಯಲ್ಲಿ ಪ್ರಾಣ ಕಳೆದುಕೊಂಡರು. ಎಡ್ವರ್ಡ್ಸ್ ಇದನ್ನು ಮುಚ್ಚಿಡದೆ ದಾಖಲಿಸಿದರು. ಆದರೆ ಮನೆತನದ ವಿಷಾದ ಪ್ರವೃತ್ತಿ ಮತ್ತು ಸೈತಾನನ ಕೈವಾಡಗಳಲ್ಲಿ ಕಾರಣವನ್ನು ಕಂಡರು. ಭಯವನ್ನು ಬಡಿದೆಬ್ಬಿಸಿದ ಬೋಧೆಯ ಪಾಲೆಷ್ಟೆಂಬ ಪ್ರಶ್ನೆಯನ್ನು ಅವರು ಎತ್ತಲಿಲ್ಲ. ಕೇಳುಗನನ್ನು ಅಳೆಯಲು ಲಕ್ಷಣಗಳನ್ನು ಸೂಕ್ಷ್ಮವಾಗಿ ರೂಪಿಸಿದ ಗ್ರಂಥ, ಹೇಳುವವನನ್ನು ಅಳೆಯುವಲ್ಲಿ ಅಷ್ಟು ನಿಷ್ಠುರವಾಗಿಲ್ಲ. 1731ರಲ್ಲಿ ವೀನಸ್ ಎಂಬ ಹದಿಹರೆಯದ ಆಫ್ರಿಕನ್ ಬಾಲಕಿಯನ್ನು ಗುಲಾಮಳನ್ನಾಗಿ ಕೊಂಡವರು ಇದೇ ಎಡ್ವರ್ಡ್ಸ್. ಅವರದೇ ಹನ್ನೆರಡನೆಯ ಲಕ್ಷಣ ಅವರ ಮನೆಯ ಬಾಗಿಲಲ್ಲಿ ತಡೆದು ನಿಲ್ಲುತ್ತದೆ. ಹೀಗೆಂದು ಆ ಲಕ್ಷಣ ಸುಳ್ಳಾಗುವುದಿಲ್ಲ. ಅದನ್ನು ರೂಪಿಸಿದವರಿಗೂ ವಿನಾಯಿತಿಯಿಲ್ಲವೆಂಬುದಷ್ಟೇ ಸಿದ್ಧವಾಗುತ್ತದೆ.

ಕನ್ನಡ ಕ್ರೈಸ್ತ ಸಾಹಿತ್ಯದ ಅಧ್ಯಯನಕ್ಕೂ ಈ ಚರ್ಚೆ ಉಪಯುಕ್ತ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಅಂತರಂಗದ ಅನುಭವಕ್ಕೆ ಒತ್ತು ನೀಡಿದ ಜರ್ಮನ್ ಭಕ್ತಿಪಂಥದ ಹಿನ್ನೆಲೆಯುಳ್ಳದ್ದು. ಫರ್ಡಿನಾಂಡ್ ಕಿಟ್ಟೆಲ್ ಕ್ರಿಸ್ತನ ಚರಿತ್ರೆಯನ್ನು ‘ಕಥಾಮಾಲೆ’ಯಲ್ಲಿ (1862) ಕನ್ನಡದ ಪದ್ಯರೂಪಕ್ಕೆ ತಂದರು. ಇಂತಹ ಕೃತಿಗಳನ್ನು ಭಾಷಾಸೇವೆಯೆಂದೋ ಮತಪ್ರಚಾರವೆಂದೋ ವರ್ಗೀಕರಿಸಿ ಮುಗಿಸುವುದು ನಮ್ಮ ರೂಢಿ. ಅವು ಯಾವ ಭಾವವನ್ನು ಎಬ್ಬಿಸಬಯಸಿದುವು, ಅದನ್ನು ಯಾವ ಅರಿವಿನ ಮೇಲೆ ನಿಲ್ಲಿಸಿದುವು ಎಂಬುದನ್ನೂ ವಿಮರ್ಶೆ ಕೇಳಬೇಕಾಗಿದೆ.

1750ರಲ್ಲಿ ನಾರ್ತಾಂಪ್ಟನ್ ಸಭೆ ಎಡ್ವರ್ಡ್ಸ್ ಅವರನ್ನು ಸ್ಥಾನದಿಂದ ಬಿಡುಗಡೆ ಮಾಡಿತು. ಪ್ರಭುಭೋಜನಕ್ಕೆ ಯಾರು ಅರ್ಹರೆಂಬ ವಿವಾದ ಅದಕ್ಕೆ ಮುಖ್ಯ ಕಾರಣ. ಒಮ್ಮೆ ಅವರ ಬೋಧೆಗೆ ಕಣ್ಣೀರಿಟ್ಟ ಊರೇ ಅವರನ್ನು ಕಳುಹಿಸಿಕೊಟ್ಟಿತು. ಕಣ್ಣೀರು ಖಚಿತ ಲಕ್ಷಣವಲ್ಲವೆಂದು ನಾಲ್ಕು ವರ್ಷ ಮೊದಲೇ ಅವರು ಬರೆದಿದ್ದರು.