‘ಕರ್ವಾಲೊ’ದ ಓತಿ ಮತ್ತು ಎಡಕ್ಕಲ್ಲಿನ ಮನುಷ್ಯ

ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕಾದಂಬರಿಯ ಕೊನೆಯನ್ನು ಪ್ರಕೃತಿಯ ನಿಗೂಢತೆಯ ಮುಂದೆ ಮನುಷ್ಯನ ಅರಿವು ಸೋಲುವ ಚಿತ್ರವೆಂದು ಓದುವುದು ರೂಢಿ. ಆ ಓದು ತಪ್ಪಲ್ಲ. ಆದರೆ ಅಷ್ಟಕ್ಕೇ ನಿಂತರೆ ಕಾದಂಬರಿ ನಮ್ಮ ಕಾಲಕ್ಕೆ ಕೇಳುವ ಇನ್ನೊಂದು ಪ್ರಶ್ನೆ ಕೈತಪ್ಪಿ ಹೋಗುತ್ತದೆ. ಕಳೆದುಹೋದ ಜೀವವೊಂದನ್ನು ಹುಡುಕುವ ಹಕ್ಕು ನಮಗಿರಬಹುದು. ಅದನ್ನು ತಂದು ಇಟ್ಟುಕೊಳ್ಳುವ ಹಕ್ಕು ಇದೆಯೇ? ಪ್ರಾಚೀನ ಮನುಷ್ಯನನ್ನು ತದ್ರೂಪಿಯಾಗಿ, ಅಂದರೆ ಕ್ಲೋನಿಂಗ್ ಮೂಲಕ, ಮತ್ತೆ ಹುಟ್ಟಿಸಬಹುದೇ ಎಂಬ ಮಾತು ಆಗಾಗ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ವಯನಾಡಿನ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿರುವ ನಾನು ಈ ಕಾದಂಬರಿಯನ್ನು ಮತ್ತೊಮ್ಮೆ ಓದಿದ್ದು ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ.

ಕತೆ ಬಹುಮಂದಿಗೆ ಗೊತ್ತಿರುವಂಥದೇ. ಮೂಡಿಗೆರೆಯ ವಿಜ್ಞಾನಿ ಕರ್ವಾಲೊ, ಯುಗಯುಗಗಳ ಹಿಂದಿನ ಹಾರುವ ಓತಿಯೊಂದರ ಬೆನ್ನು ಹತ್ತುತ್ತಾರೆ. ಅದನ್ನು ಕಂಡವನು ಮಂದಣ್ಣ, ಜೇನು ಹಿಡಿಯುವ ಹಳ್ಳಿಗ. ಲೋಕ ಪೆದ್ದನೆಂದು ತಳ್ಳಿಹಾಕಿದವನಲ್ಲಿ ಕರ್ವಾಲೊ ನಿಸರ್ಗವನ್ನು ನೋಡಬಲ್ಲ ಕಣ್ಣನ್ನು ಕಾಣುತ್ತಾರೆ. ಅವನು ಕಳ್ಳಭಟ್ಟಿಯ ಪ್ರಕರಣದಲ್ಲಿ ಸಿಕ್ಕಿಬಿದ್ದಾಗ ಅವನ ಪರವಾಗಿ ನಿಲ್ಲುತ್ತಾರೆ. ಕೊನೆಗೆ ನಾರ್ವೆಯ ಕಾಡಿನಲ್ಲಿ ಓತಿ ಕಾಣಿಸುತ್ತದೆ, ಹಿಡಿಯಹೊರಟವರ ಕಣ್ಣೆದುರೇ ಕಣಿವೆಯತ್ತ ತೇಲಿ ಮರೆಯಾಗುತ್ತದೆ. ಕೃತಿಯ ನೀತಿ ಇರುವುದು ಈ ಎರಡು ಸಂಗತಿಗಳಲ್ಲಿ ಎಂದು ನನಗನ್ನಿಸುತ್ತದೆ. ಓತಿಯ ದಾರಿ ಮಂದಣ್ಣನ ಮೂಲಕವೇ ಹಾದುಹೋಗಬೇಕು, ಮತ್ತು ಕಂಡದ್ದೆಲ್ಲ ಕೈಸೇರಬೇಕಾಗಿಲ್ಲ.

ಇಲ್ಲೊಂದು ಮಿತಿಯನ್ನೂ ಹೇಳಬೇಕು. ಓತಿ ಹಾರಿಹೋದುದರಿಂದ ಲೇಖಕರ ಪಾಲಿಗೆ ಒಂದು ತೊಡಕು ತಾನಾಗಿಯೇ ಬಗೆಹರಿಯಿತು. ಅದು ಸಿಕ್ಕಿಬಿದ್ದಿದ್ದರೆ ಕರ್ವಾಲೊ ಏನು ಮಾಡುತ್ತಿದ್ದರು? ಗಾಜಿನ ಪೆಟ್ಟಿಗೆಯೇ, ಪ್ರದರ್ಶನವೇ? ಕಾದಂಬರಿ ಆ ಕಡೆ ಹೋಗುವುದಿಲ್ಲ. ಓತಿಗೆ ಹಾರಲು ರೆಕ್ಕೆಯಂಥ ಪೊರೆ ಇತ್ತು. ಪ್ರಯೋಗಾಲಯದಲ್ಲಿ ಹುಟ್ಟುವ ಮನುಷ್ಯಶಿಶುವಿಗೆ ಅದೂ ಇರುವುದಿಲ್ಲ. ತೇಜಸ್ವಿಯವರು ನಿಲ್ಲಿಸಿದಲ್ಲಿಂದ ನಾವು ಮುಂದುವರಿಯಬೇಕಾಗಿದೆ.

ಮೊದಲು ವಿಜ್ಞಾನದ ಸ್ಥಿತಿಯನ್ನು ನೋಡೋಣ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಡಾಲಿ ಎಂಬ ಕುರಿ ತದ್ರೂಪಿಯಾಗಿ ಹುಟ್ಟಿತು. 277 ಪ್ರಯತ್ನಗಳಲ್ಲಿ ಜೀವಂತವಾಗಿ ಹುಟ್ಟಿದ್ದು ಅದೊಂದೇ. 2000ದಲ್ಲಿ ನಶಿಸಿದ ಸ್ಪೇನಿನ ಒಂದು ಕಾಡುಮೇಕೆಯನ್ನು 2003ರಲ್ಲಿ ಹೀಗೆಯೇ ಹುಟ್ಟಿಸಿದರು. ಶ್ವಾಸಕೋಶದ ದೋಷದಿಂದ ಆ ಮರಿ ಕೆಲವೇ ನಿಮಿಷಗಳಲ್ಲಿ ಸತ್ತಿತು. ಈ ಎರಡರಲ್ಲೂ ಕೆಡದ ಜೀವಕೋಶ ಕೈಯಲ್ಲಿತ್ತು. ಪ್ರಾಚೀನ ಎಲುಬಿನಲ್ಲಿ ಉಳಿದಿರುವುದು ಚೂರುಚೂರಾದ ಡಿಎನ್‌ಎ ಮಾತ್ರ. 2010ರಲ್ಲಿ ಸ್ವಾಂತೆ ಪೇಬೊ ತಂಡದವರು ನಿಯಾಂಡರ್ತಲ್ ಮಾನವನ ವಂಶವಾಹಿಯ ಕರಡನ್ನು ಓದಿದರು. ಪೇಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಆದರೆ ಓದುವುದು ಬೇರೆ, ಹುಟ್ಟಿಸುವುದು ಬೇರೆ. ನಮ್ಮ ಉಷ್ಣ ದೇಶದಲ್ಲಿ ಓದುವುದೂ ಕಷ್ಟ. ಹರಿಯಾಣದ ರಾಖಿಗಢಿಯಲ್ಲಿ 61 ಮಾದರಿಗಳನ್ನು ಪರೀಕ್ಷಿಸಿದರೂ ಓದಬಲ್ಲಷ್ಟು ಡಿಎನ್‌ಎ ಸಿಕ್ಕಿದ್ದು ಒಬ್ಬ ಹೆಂಗಸಿನ ಅವಶೇಷದಲ್ಲಿ ಮಾತ್ರ ಎಂದು 2019ರಲ್ಲಿ ಪ್ರಕಟವಾಯಿತು.

ಕಾನೂನಿನ ಮಾತು ಬೇರೆ ಇದೆ. ವಿಶ್ವಸಂಸ್ಥೆ 2005ರಲ್ಲಿ ಮಾನವ ಕ್ಲೋನಿಂಗನ್ನು ನಿಷೇಧಿಸುವಂತೆ ರಾಷ್ಟ್ರಗಳಿಗೆ ಕರೆಕೊಟ್ಟಿತು, ಆದರೆ ಅದು ಕಡ್ಡಾಯವಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಮನುಷ್ಯರನ್ನು ಹೀಗೆ ಹುಟ್ಟಿಸುವುದನ್ನು ನಿಷೇಧಿಸಿದೆ. ಆದರೂ ಆಸೆ ಸತ್ತಿಲ್ಲ. 2013ರಲ್ಲಿ ಅಮೆರಿಕದ ವಿಜ್ಞಾನಿ ಜಾರ್ಜ್ ಚರ್ಚ್ ಜರ್ಮನ್ ಪತ್ರಿಕೆಯೊಂದಕ್ಕೆ ಕೊಟ್ಟ ಸಂದರ್ಶನ, ನಿಯಾಂಡರ್ತಲ್ ಶಿಶುವನ್ನು ಹೆರಲು ಹೆಂಗಸು ಬೇಕಾಗಿದ್ದಾಳೆ ಎಂಬ ಸುದ್ದಿಯಾಗಿ ಜಗತ್ತಿನೆಲ್ಲೆಡೆ ಹಬ್ಬಿತು. ತಾನು ಯಾರನ್ನೂ ಹುಡುಕುತ್ತಿಲ್ಲವೆಂದು ಅವರು ಹೇಳಬೇಕಾಯಿತು. ಹುಟ್ಟುವ ಮಗುವಿನ ಚರ್ಚೆ ಎಷ್ಟೋ ನಡೆಯಿತು. 277 ಪ್ರಯತ್ನಗಳ ಲೆಕ್ಕ ಹೆಂಗಸರ ಒಡಲಿನ ಮೇಲೆ ಬಿದ್ದರೆ ಏನಾದೀತೆಂದು ಕೇಳಿದವರು ಕಡಿಮೆ.

ಇರಲಿ, ನಾಳೆ ಇದೆಲ್ಲ ಸಾಧ್ಯವಾಯಿತೆಂದೇ ಇಟ್ಟುಕೊಳ್ಳೋಣ. ನಮ್ಮ ಅಂಬುಕುತ್ತಿ ಬೆಟ್ಟದ ಎಡಕ್ಕಲ್ಲಿಗೆ ಬನ್ನಿ. ಮಲಬಾರಿನ ಪೊಲೀಸ್ ಅಧಿಕಾರಿ ಫಾಸೆಟ್ 1901ರಲ್ಲಿ ಬರೆದು ಲೋಕಕ್ಕೆ ತಿಳಿಸಿದ ತಾಣವಿದು. ಅಲ್ಲಿ ಬಂಡೆಯ ಮೇಲೆ ಮನುಷ್ಯರ ಆಕೃತಿಗಳಿವೆ, ಪ್ರಾಣಿಗಳಿವೆ. ತೀರ ಈಚಿನ ತಮಿಳು-ಬ್ರಾಹ್ಮಿ ಬರಹಗಳೂ ಇವೆ. ಬರಹವನ್ನು ವಿದ್ವಾಂಸರು ಓದಿದ್ದಾರೆ. ಅದಕ್ಕೂ ಹಿಂದಿನ ಆಕೃತಿಗಳನ್ನು ಗೀರಿದವನು ಅವನ್ನು ಯಾವ ಹೆಸರಿನಿಂದ ಕರೆದ, ಗೀರುವಾಗ ಏನು ಹೇಳಿಕೊಂಡ? ಅವನ ಎಲುಬು ಸಿಕ್ಕಿ, ಅದರಿಂದ ಮಗುವೊಂದು ಹುಟ್ಟಿದರೂ ಇದಕ್ಕೆ ಉತ್ತರ ಸಿಗದು. ಆ ಮಗು ಎಡಕ್ಕಲ್ಲಿನ ಮನುಷ್ಯನಲ್ಲ, ಇಂದಿನ ಮಗು. ಎತ್ತಿಕೊಂಡವರ ಮಾತನ್ನೇ ಅದು ಆಡುತ್ತದೆ.

ಗಡಿಯ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ಅಜ್ಜನ ಮೂಗು, ಅಜ್ಜಿಯ ಗುಂಗುರು ಕೂದಲು ಮೊಮ್ಮಕ್ಕಳಿಗೆ ಕೇಳದೆಯೇ ಬರುತ್ತದೆ. ಮಾತು ಹಾಗೆ ಬರುವುದಿಲ್ಲ. ಶಾಲೆ ಮಲಯಾಳ, ಪೇಟೆ ಮಲಯಾಳ. ಮನೆಯಲ್ಲಿ ದಿನವೂ ಆಡಿದರೆ ಮಾತ್ರ ಕನ್ನಡ ಉಳಿಯುತ್ತದೆ, ಬಿಟ್ಟರೆ ಒಂದೇ ತಲೆಮಾರಿನಲ್ಲಿ ಹೋಗುತ್ತದೆ. ರಕ್ತ ಇದ್ದಲ್ಲೇ ಇರುತ್ತದೆ. ಸತ್ತವರನ್ನು ರಕ್ತದಿಂದ ಎಬ್ಬಿಸಬಹುದೆಂದು ನಂಬುವವನಿಗೆ ಮಾತು ಕಳೆದುಕೊಳ್ಳುವುದು ಏನೆಂಬುದು ಗೊತ್ತಿಲ್ಲ.

ಮಾತು ಕೇಳುವವರೇ ಇಲ್ಲದ ಮನುಷ್ಯನೊಬ್ಬನ ಬದುಕು ದಾಖಲೆಯಲ್ಲಿದೆ. 1911ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಯಾಹಿ ಎಂಬ ಆದಿವಾಸಿ ಪಂಗಡದ ಕೊನೆಯವನು ಕಾಡಿನಿಂದ ಹೊರಬಂದ. ಅವನನ್ನು ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದಲ್ಲಿ ಇರಿಸಿಕೊಂಡರು. ಅವನು ಬಾಣ ಮಾಡುವುದನ್ನು ನೋಡಲು ಜನ ಬರುತ್ತಿದ್ದರು. ತನ್ನ ಹೆಸರನ್ನು ತಾನೇ ಹೇಳಿಕೊಳ್ಳುವುದು ಅವರಲ್ಲಿ ಪದ್ಧತಿಯಲ್ಲ, ಹೇಳಲು ಸ್ವಜನ ಯಾರೂ ಉಳಿದಿರಲಿಲ್ಲ. ಆದ್ದರಿಂದ ‘ಮನುಷ್ಯ’ ಎಂಬರ್ಥದ ‘ಇಶಿ’ ಎಂಬ ಪದವೇ ಹೆಸರಾಯಿತು. ಅವನು 1916ರಲ್ಲಿ ಕ್ಷಯದಿಂದ ತೀರಿಕೊಂಡ ಮೇಲೆ ಮೆದುಳನ್ನು ತೆಗೆದಿಟ್ಟರು. ಅದು ಅವನ ನಂಟಿನ ಪಂಗಡಗಳಿಗೆ ಮರಳಿದ್ದು 2000ದಲ್ಲಿ. ಅವನನ್ನು ಇಟ್ಟುಕೊಂಡವರು ಕ್ರೂರಿಗಳಲ್ಲ, ಸ್ನೇಹಿತರೇ. ಆದರೂ ಹೀಗಾಯಿತು. ಇಶಿಗೆ ತನ್ನ ನೆನಪುಗಳಾದರೂ ಇದ್ದವು. ತದ್ರೂಪಿಯಾಗಿ ಹುಟ್ಟುವವನಿಗೆ ಗಾಜಿನ ಪೆಟ್ಟಿಗೆ ಮಾತ್ರ.

ಹಾಗಾದರೆ ವಂಶವಾಹಿಯ ವಿದ್ಯೆಯೇ ಬೇಡವೇ? ನಾನು ಹಾಗೆನ್ನಲಾರೆ. ಮಲಯಾಳದಲ್ಲಿ ಅರಿವಾಳ್ ರೋಗವೆನ್ನುವ ಸಿಕಲ್ ಸೆಲ್ ರಕ್ತಹೀನತೆ ನಮ್ಮ ಜಿಲ್ಲೆಯ ಪಣಿಯರಲ್ಲಿ, ಕುರುಮರಲ್ಲಿ, ವಯನಾಡನ್ ಚೆಟ್ಟಿಗಳಲ್ಲಿ ಇದೆ. ಅದು ತಂದೆತಾಯಿಗಳಿಂದ ಮಕ್ಕಳಿಗೆ ಇಳಿದುಬರುವ ನೋವು. ವಂಶವಾಹಿಯನ್ನು ತಿದ್ದಿ ಅದಕ್ಕೆ ಕೊಡುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕಗಳಲ್ಲಿ ಒಪ್ಪಿಗೆ ಸಿಕ್ಕಿದೆ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್. ಅದೇ ವಿದ್ಯೆ ಎಡಕ್ಕಲ್ಲಿನ ಮನುಷ್ಯನನ್ನು ಎಬ್ಬಿಸುವ ಕನಸು ಕಾಣುವ ಬದಲು, ಬೆಟ್ಟದ ಬುಡದಲ್ಲಿ ಬದುಕಿರುವವರ ಮೂಳೆನೋವಿಗೆ ಅಗ್ಗದ ಮದ್ದು ಹುಡುಕಲಿ. ಮಂದಣ್ಣನನ್ನು ಬಿಟ್ಟು ಓತಿಯ ಹಿಂದೆ ಹೋಗಬಾರದೆಂಬ ‘ಕರ್ವಾಲೊ’ದ ಪಾಠಕ್ಕೆ ನಮ್ಮ ನೆಲದಲ್ಲಿ ಅರ್ಥ ಇದು.

ನಮ್ಮ ಬ್ಯಾಂಕಿನ ವ್ಯವಹಾರದಲ್ಲಿ ಖಾತೆದಾರ ತೀರಿಕೊಂಡರೆ ಅವನ ಸಹಿಯನ್ನು ಎಷ್ಟೇ ಚೆನ್ನಾಗಿ ನಕಲು ಮಾಡಿ ತಂದರೂ ಹಣ ಕೊಡುವುದಿಲ್ಲ, ವಾರಸುದಾರರು ಬರಬೇಕು. ಪುರಾತತ್ತ್ವಕ್ಕೂ ಈ ನಿಯಮ ಒಪ್ಪುತ್ತದೆ. ಎಡಕ್ಕಲ್ಲಿನ ಗೀರುಗಳ ವಾರಸುದಾರರು ಈ ಬೆಟ್ಟಗಳಲ್ಲಿ ಈಗ ಬಾಳುತ್ತಿರುವ ಜನ. ಅವರಲ್ಲಿ ಕನ್ನಡಕ್ಕೆ ಹತ್ತಿರದ ಮಾತಾಡುವ ಕಾಟ್ಟುನಾಯ್ಕರಿದ್ದಾರೆ, ಮಲಯಾಳದ ನೆರೆಹೊರೆಯವರಿದ್ದಾರೆ, ನಾವೂ ಇದ್ದೇವೆ.