ಮಲ್ಯರ ಹೊಣೆ ಮತ್ತು ನಮ್ಮ ಕಟ್ಟೀ ನ್ಯಾಯ

ನಾನು ನಲವತ್ತು ವರ್ಷ ಹರದೇಶಿ ಮೇಳದಾಗ ಹಾಡಿದವ. ನಮ್ಮ ಹಾಡಕಿ ಪದ್ಧತಿ ಊರ ಹಿರಿಯರಿಗೂ ಸಾಲಿ ಗುರುಗಳಿಗೂ ಗೊತ್ತೇ ಅದ. ಹರದೇಶಿಯವ ಶಿವ ದೊಡ್ಡವ ಅಂತಾನ, ನಾಗೇಶಿಯವ ಶಕ್ತಿ ದೊಡ್ಡಾಕಿ ಅಂತಾನ. ಬೆಳತನಕ ಸವಾಲು ಜವಾಬು ನಡೀತದ. ಆದರೆ ಒಂದು ನೇಮ ಅದ. ಎದುರಿನವ ಕೇಳಿದ ಸವಾಲಿಗೇ ಜವಾಬು ಕೊಡಬೇಕು. ಅದನ್ನ ಬಿಟ್ಟು ಬ್ಯಾರೆ ಮಾತು ಎತ್ತಿ ಡಪ್ಪು ಜೋರು ಬಾರಿಸಿದರೆ ಕೂತ ಮಂದಿ ನಗತಾರ.

ವಿಜಯ ಮಲ್ಯ ಅವರ ಬಗ್ಗೆ ನಮ್ಮ ಕಟ್ಟೀ ಮ್ಯಾಲ ನಡಿಯೋ ವಾದದಾಗ ಈ ನೇಮ ತಪ್ಪೇದ. ಅಲ್ಲೂ ಎರಡು ಮೇಳ ಆಗ್ಯಾವ. ಒಂದು ಮೇಳ "ಬ್ಯಾಂಕು ಮುಳುಗಿಸಿ ಓಡಿಹೋದ ಕಳ್ಳ" ಅಂತದ. ಇನ್ನೊಂದು ಮೇಳ 2025ರ ಜೂನ್ ತಿಂಗಳಲ್ಲಿ ಅವರು ಕೊಟ್ಟ ನಾಲ್ಕು ತಾಸಿನ ಸಂದರ್ಶನವನ್ನ ಮೊಬೈಲಿನಾಗ ನೋಡಿ "ಪಾಪ, ತಗೊಂಡಿದ್ದಕ್ಕಿಂತ ಹೆಚ್ಚು ಕೊಟ್ಟಾನ" ಅಂತದ. ಎರಡೂ ಕಡೆ ಅರ್ಧ ಖರೆ ಅದ. ಸವಾಲು ಮಾತ್ರ ಹಂಗೇ ಉಳದದ.

ಮೊದಲು ನಡೆದದ್ದು ನೋಡೋಣ. ಕಿಂಗ್‌ಫಿಶರ್ ವಿಮಾನ ಕಂಪನಿ 2005ರ ಮೇ ತಿಂಗಳಲ್ಲಿ ಹಾರಾಟ ಶುರು ಮಾಡಿತು. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ್ದ ಏರ್ ಡೆಕ್ಕನ್ ಕಂಪನಿಯನ್ನು 2007ರಲ್ಲಿ ಮಲ್ಯ ಕೈಗೆ ತಗೊಂಡರು. ಆಗಿನ ಕಾಯ್ದೆ ಪ್ರಕಾರ ದೇಶದೊಳಗೆ ಐದು ವರ್ಷ ಹಾರಾಡದ ಕಂಪನಿಗೆ ಪರದೇಶಕ್ಕೆ ಹಾರಲು ಪರವಾನಿಗಿ ಇರಲಿಲ್ಲ. ಡೆಕ್ಕನ್ ಕೂಡಿದ್ದರಿಂದ ಆ ದಾರಿ 2008ಕ್ಕೆ ತೆರೀತು. ಅದೇ 2008ರ ಜುಲೈದಾಗ ಕಚ್ಚಾ ಎಣ್ಣಿ ಬೆಲೆ ಪೀಪಾಯಿಗೆ 147 ಡಾಲರ್ ಮುಟ್ಟಿತು. ಹಿಂದಿಂದೇ ಅಮೇರಿಕಾದ ಬ್ಯಾಂಕು ಬಿದ್ದು ಜಗತ್ತಿನ ವ್ಯಾಪಾರವೆಲ್ಲ ಕುಸೀತು. ವಿಮಾನ ಕಂಪನಿ ಒಂದು ವರ್ಷವೂ ಲಾಭ ಕಾಣಲಿಲ್ಲ. 2012ರ ಅಕ್ಟೋಬರಿನಲ್ಲಿ ಹಾರಾಟ ನಿಂತಿತು. 17 ಬ್ಯಾಂಕುಗಳ ಸಾಲ ಬಡ್ಡಿ ಸೇರಿ ಸುಮಾರು 9,000 ಕೋಟಿ ರೂಪಾಯಿ ಆಯಿತು. 2016ರ ಮಾರ್ಚ್ 2ಕ್ಕೆ ಮಲ್ಯ ದೇಶ ಬಿಟ್ಟರು.

ಎಣ್ಣಿ ತುಟ್ಟಿ ಆಯಿತು, ಕಾಲ ಕೆಟ್ಟಿತು ಅಂತ ಅವರ ಪರ ಮೇಳ ಹೇಳ್ತದಲ್ಲ, ಅದನ್ನ ನಾನು ಒಪ್ಪತೀನಿ. ರೈತನಾದವ ಅದನ್ನ ಒಪ್ಪದೆ ಇರಲಾರ. ಮಳಿ ಬರದಿದ್ದರೆ ಜ್ವಾಳ ಒಣಗತದ, ಅದು ಕಳವು ಅಲ್ಲ. ನಷ್ಟ ಆದವರನ್ನೆಲ್ಲ ಕಳ್ಳರು ಅಂದ್ರ ನಮ್ಮ ಜತ್ತ ತಾಲೂಕಿನಾಗ ಸಾಚಾ ಮನಿಷ್ಯಾ ಒಬ್ಬನೂ ಸಿಗೂದಿಲ್ಲ.

ಬ್ಯಾಂಕಿನವರ ಪಾಲೂ ಇದರಾಗ ಅದ. ನನ್ನಂಥವ ಐವತ್ತು ಸಾವಿರ ಕೇಳಿದ್ರ ಸಾತಬಾರಾ ಉತಾರಾ ತಾ, ಇಬ್ಬರು ಜಾಮೀನು ತಾ ಅಂತಾರ. ಅಲ್ಲಿ ಕಿಂಗ್‌ಫಿಶರ್ ಅನ್ನೋ ಹೆಸರನ್ನೇ ಒತ್ತೆ ಇಟಗೊಂಡಿದ್ದರು. 2016ರಲ್ಲಿ ಆ ಹೆಸರು ಮತ್ತ ಗುರುತುಗಳನ್ನ 366 ಕೋಟಿಯಿಂದ ಲಿಲಾವು ಕೂಗಿದರೆ ಕೊಳ್ಳಾಕ ಒಬ್ಬರೂ ಬರಲಿಲ್ಲ. ಕೊಟ್ಟವ ಕೋಡಂಗಿ ಅನ್ನೋ ಗಾದಿ ಸುಳ್ಳಾಗಲಿಲ್ಲ. ನಾವೂ ಕಡಿಮಿ ಇಲ್ಲ. ಆ ಮೆರವಣಿಗಿ ನೋಡಿ ಬಾಯಿ ತೆರೆದವರು ನಾವೇ. ಕರ್ನಾಟಕದ ಶಾಸಕರು 2002ರಾಗ, ಮತ್ತ 2010ರಾಗ ಅವರನ್ನ ರಾಜ್ಯಸಭೆಗೆ ಆರಿಸಿ ಕಳಿಸಿದರು.

ಹಿಂಗಾಗಿ "ಕಂಪನಿ ಬಿದ್ದದ್ದಕ್ಕ ಮಲ್ಯ ಒಬ್ಬರೇ ಹೊಣೆ" ಅನ್ನೋ ಮೇಳದ ಮಾತು ನಿಲ್ಲೂದಿಲ್ಲ. "ಅವ ಹೆಂಡದ ದಂದೆಯವ, ಅದಕ್ಕ ಹಿಂಗಾತು" ಅನ್ನೋದಂತೂ ವಾದವೇ ಅಲ್ಲ, ಬರೇ ಡಪ್ಪು.

ಈಗ ಇನ್ನೊಂದು ಮೇಳಕ್ಕ ಬರತೀನಿ. ಅವರ ದೊಡ್ಡ ಜವಾಬು ಒಂದೇ. 2024ರ ಡಿಸೆಂಬರಿನಲ್ಲಿ ಅರ್ಥಮಂತ್ರಿಗಳೇ ಲೋಕಸಭೆಯಲ್ಲಿ 14,131 ಕೋಟಿ ರೂಪಾಯಿಯ ಮಲ್ಯರ ಆಸ್ತಿ ಬ್ಯಾಂಕುಗಳಿಗೆ ಮರಳೇದ ಅಂತ ಹೇಳಿದರು. ಸಾಲ ತೀರಿದ ಮ್ಯಾಲ ಇನ್ನೇನು ಅಂತ ಕೇಳ್ತಾರ. ಆದರೆ ಕೊಡೂದು ಬ್ಯಾರೆ, ಜಪ್ತಿ ಮಾಡಿ ತಗೊಳ್ಳೂದು ಬ್ಯಾರೆ. ನನ್ನ ಎತ್ತು ಸೊಸೈಟಿಯವರು ಬಿಚ್ಚಿಕೊಂಡು ಹೋಗಿ ಮಾರಿದ್ರ ಸಾಲ ತೀರಬಹುದು. "ನಾ ಕೊಟ್ಟೆ" ಅಂತ ಎದಿ ತಟ್ಟಾಕ ಬರೂದಿಲ್ಲ.

ಅದಕ್ಕಿಂತ ದೊಡ್ಡ ಸವಾಲು ಪಗಾರದ್ದು. ವಿಮಾನ ನಿಂತಾಗ ಕೆಲಸದವರಿಗೆ ತಿಂಗಳುಗಟ್ಟಲೆ ಪಗಾರ ಆಗಿರಲಿಲ್ಲ. ಎಂಜಿನಿಯರರು ಕೆಲಸ ಬಿಟ್ಟು ಕೂತರು. ಆಮ್ಯಾಲೂ ವರ್ಷಗಟ್ಟಲೆ ಕಾದರು. ಮಲ್ಯ ಸಂದರ್ಶನದಾಗ ಕ್ಷಮೆ ಕೇಳ್ಯಾರ. ಕೋರ್ಟಿನಲ್ಲಿದ್ದ ಹಣದಿಂದ ಪಗಾರ ಕೊಡಾಕ ಕೇಳಿದ್ದೆ, ಬ್ಯಾಂಕಿನವರು ಅಡ್ಡ ಬಂದರು ಅಂತಲೂ ಹೇಳ್ಯಾರ. ಇರಬಹುದು. ಆದರೆ 2015ರ ಡಿಸೆಂಬರಿನಲ್ಲಿ ಗೋವಾದ ಮನಿಯೊಳಗ 60ನೇ ಹುಟ್ಟುಹಬ್ಬ ಭರ್ಜರಿ ಆಯಿತು. ಅದಕ್ಕ ಯಾವ ಬ್ಯಾಂಕೂ ಅಡ್ಡ ಬರಲಿಲ್ಲ. 2016ರಲ್ಲಿ ಡಿಯಾಜಿಯೋ ಕಂಪನಿಯಿಂದ ಬಂದ 4 ಕೋಟಿ ಡಾಲರನ್ನ ಕೋರ್ಟಿನ ಅಪ್ಪಣೆ ಮೀರಿ ಮಕ್ಕಳ ಹೆಸರಿಗೆ ಕಳಿಸಿದರು. 2017ರಲ್ಲಿ ಸುಪ್ರೀಂ ಕೋರ್ಟು ಅದನ್ನ ನ್ಯಾಯಾಲಯದ ನಿಂದನೆ ಅಂತ ತೀರ್ಮಾನಿಸಿ, 2022ರ ಜುಲೈದಾಗ ನಾಲ್ಕು ತಿಂಗಳ ಸಜೆ, 2,000 ರೂಪಾಯಿ ದಂಡ ಹಾಕಿತು. ಎಣ್ಣಿ ತುಟ್ಟಿ ಆದದ್ದಕ್ಕೂ ಇದಕ್ಕೂ ಏನು ಸಂಬಂಧ? ಇದು ಮಳಿಯ ತಪ್ಪಲ್ಲ, ಮನಿಷ್ಯಾನ ತಪ್ಪು.

ನನ್ನ ಮನಿ ಮಾತು ಹೇಳತೀನಿ. ಹದಿನೈದು ವರ್ಷದ ಹಿಂದ ಸೊಸೈಟಿ ಸಾಲ ತಗೊಂಡು ಎರಡು ಎಕರೆ ದಾಳಿಂಬ್ರಿ ಹಚ್ಚಿದ್ದೆ. ತೇಲ್ಯಾ ರೋಗ ಬಿದ್ದು ಕಾಯೆಲ್ಲ ಕಪ್ಪಾಗಿ ಸೀಳಿದವು. ಅಷ್ಟೊತ್ತಿಗೆ ಆರು ಮಂದಿ ಹೆಣ್ಣಮಕ್ಕಳ ಎರಡು ತಿಂಗಳ ಕೂಲಿ ಬಾಕಿ ಇತ್ತು. ನಮ್ಮವ್ವ ಆಗ ಇದ್ದಳು. "ಸೊಸೈಟಿ ಕಾಯತದ, ಅವರ ಒಲಿ ಕಾಯೂದಿಲ್ಲೋ" ಅಂದಳು. ಹಾಲು ಕೊಡೋ ಎಮ್ಮಿ ಮಾರಿ ಕೂಲಿ ಮುಟ್ಟಿಸಿದೆ. ಸೊಸೈಟಿ ಸಾಲ ಆಮ್ಯಾಲ ತೀರಿತು, ಅದರಾಗ ಒಂದಿಷ್ಟು ಸರ್ಕಾರದ ಮಾಫಿಯೊಳಗ ಹೋಯಿತು. ಅದನ್ನ ಮುಚ್ಚಿಡೂದಿಲ್ಲ. ಮಾಫಿ ಉಂಡವ ನಾನು, ಸಾಲದ ಬಗ್ಗೆ ಮಲ್ಯ ಅವರಿಗೆ ಬುದ್ಧಿ ಹೇಳೋ ಹಕ್ಕು ನನಗ ಕಡಿಮಿ. ಕೂಲಿ ಬಗ್ಗೆ ಹೇಳೋ ಹಕ್ಕು ಅದ.

ಅದಕ್ಕ ನನ್ನ ತೀರ್ಮಾನ ಇಷ್ಟು. ಕಂಪನಿ ಬಿದ್ದ ಹೊಣೆಯನ್ನ ಹಂಚಬಹುದು. ಎಣ್ಣಿಗೊಂದು ಪಾಲು, ಕಾಲಕ್ಕೊಂದು ಪಾಲು, ಕಣ್ಣು ಮುಚ್ಚಿ ಕೊಟ್ಟ ಬ್ಯಾಂಕಿಗೊಂದು ಪಾಲು, ಅವಸರ ಮಾಡಿದ ಮಾಲಕರಿಗೆ ದೊಡ್ಡ ಪಾಲು. ಬಿದ್ದ ಮ್ಯಾಲ ಕೈಯಾಗಿದ್ದ ರೊಕ್ಕ ಮೊದಲು ಯಾರಿಗೆ ಅನ್ನೋ ಹೊಣೆ ಮಾತ್ರ ಹಂಚಾಕ ಬರೂದಿಲ್ಲ. ಅದು ಮಾಲಕನದು, ಅವನೊಬ್ಬನದೇ.

ನಮ್ಮ ಕಟ್ಟೀ ಮಂದಿಗೆ ಕಳ್ಳ ಅನಬೇಕು, ಇಲ್ಲಾ ದೇವರು ಅನಬೇಕು, ನಡುವಿನ ಮಾತು ಬ್ಯಾಡ. ಮೊಬೈಲಿನ ಹುಡುಗರು ಒಂದು ಗೀಗೀ ಪದ ಕಟ್ಟು ಕಾಕಾ ಅಂತ ಗಂಟು ಬಿದ್ದಾರ. ಕಟ್ಟತೀನಿ. ಆದರೆ ಹರದೇಶಿ ಹಾಡಲಿ, ನಾಗೇಶಿ ಹಾಡಲಿ, ಮೊದಲನೇ ಸವಾಲು ಪಗಾರದ್ದೇ ಇರತದ. ಅದಕ್ಕ ಜವಾಬು ಬರೋ ತನಕ ಎರಡನೇ ಸವಾಲು ಹಾಕೂದಿಲ್ಲ.